ಬಹಾದ್ದೂರನ ಎರಡನೇ ಮೂಗು

"ನೋಡ್ತಾ ಇರಿ ಮಕ್ಬೂಲ್ ಸಾಬ್ರೇ!" ಎಂದು ನಮ್ಮ ಯಜಮಾನರು ಗುಂಡಿ ಒತ್ತಿದರು. ಇವರು ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು. ಅಂದಿನಿಂದ ನನ್ನ ಪಾತ್ರೆಗಳಿಗೆ ನೆಮ್ಮದಿಯಿಲ್ಲ! ಈ ಸಲ ಕುಕ್ಕರಿಗೆ ಕೊಳವೆ ಸಿಕ್ಕಿಸಿ, ಪಕ್ಕದ ಮನೆಯ ಜಟಕಾ ಸಾಬರ ಹೆಣ್ಣು ಕುದುರೆ ನೂರಿಯ ಮೂತ್ರವನ್ನು ಭಟ್ಟಿ ಇಳಿಸಿದ್ದರು.

ಯಂತ್ರ ಬುಸ್ಸೆಂದಿತು. ಸಾಬರ ಗಂಡು ಕುದುರೆ ಬಹಾದ್ದೂರ ಕತ್ತೆತ್ತಿ, ಮೇಲ್ತುಟಿ ಮಡಚಿ, ಹಲ್ಲೆಲ್ಲ ತೋರಿಸಿತು.

"ಅಯ್ಯೋ, ನಗ್ತಾ ಇದೆ ಕಣ್ರೀ!"

"ನಗು ಅಲ್ಲ ಕಣೇ! ಬೆದೆಗೆ ಬಂದ ಹೆಣ್ಣಿನ ವಾಸನೇನ ಒಳಗಿರೋ ಎರಡನೇ ಮೂಗಿಗೆ ಎಳ್ಕೊಳ್ತಾ ಇದೆ."

ಎರಡನೇ ಮೂಗೇ! ನಾನು ಬಗ್ಗಿ ಅದರ ಬಾಯೊಳಗೆ ಇಣುಕಿದೆ. ಏನೂ ಕಾಣಲಿಲ್ಲ.

ಒಂದೇ ಲಾಯದಲ್ಲಿ ಬೆಳೆದ ಬಹಾದ್ದೂರ ನೂರಿಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ನೂರಿಗೋ ವಯಸ್ಸಾಗಿತ್ತು. ಈ ಬೆದೆ ತಪ್ಪಿದರೆ ಮರಿಯ ಆಸೆ ಬಿಡಿ ಎಂದಿದ್ದರು ಪಶುವೈದ್ಯರು.

"ನೂರು ಪಟ್ಟು ಗಟ್ಟಿ! ಮನುಷ್ಯರಿಗೆ ವಾಸನೇನೇ ಬರಲ್ಲ!" ಎಂದು ಹಿಗ್ಗಿದ ಯಜಮಾನರು, ನೂರಿಯ ಮೈಮೇಲೆ ಚಿಮುಕಿಸಲು ಸುಲಭವೆಂದು ಮಿಕ್ಕ ರಸವನ್ನು ನನ್ನ ಬೆಳ್ಳಿಯ ಪನ್ನೀರುದಾನಿಗೆ ಸುರಿದಿಟ್ಟರು. ನನಗೆ ಹೇಳಬೇಕಲ್ಲ? ಹೇಳಲಿಲ್ಲ!

ಮರುದಿನ ನಾದಿನಿಯ ಮಗಳ ಸೀಮಂತ. ನಾದಿನಿ ಪನ್ನೀರುದಾನಿ ಒಯ್ದು, ಮೇಲಿಷ್ಟು ಪನ್ನೀರು ಹಾಕಿ, ನಮ್ಮ ಬೀದಿಯದೇ ಛತ್ರದ ಬಾಗಿಲಲ್ಲಿ ಬಂದವರಿಗೆಲ್ಲ ಚಿಮುಕಿಸಿದಳು.

ಆರತಿಯ ಹೊತ್ತಿಗೆ ಬಹಾದ್ದೂರ ಹಗ್ಗ ಕಿತ್ತುಕೊಂಡು ನುಗ್ಗಿತು! ಸಾಲಾಗಿ ಒಬ್ಬೊಬ್ಬರನ್ನೇ ಮೂಸುವುದು, ಕತ್ತೆತ್ತಿ ತುಟಿ ಮಡಚುವುದು, ಪೆಚ್ಚಾಗಿ ಮುಂದಿನವರ ಬಳಿ ಹೋಗುವುದು.

"ನನ್ನನ್ಯಾಕಪ್ಪಾ!" ಎಂದು ಪುರೋಹಿತರು ಮಣೆ ಹತ್ತಿ ನಿಂತರು.

"ಶಾಲು ಬಿಸಾಕಿ ಶಾಸ್ತ್ರಿಗಳೇ!" ಎಂದು ಕೂಗಿದ ಯಜಮಾನರು ನನ್ನ ಕಿವಿಯಲ್ಲಿ, "ಅದು ಬರೀ ಪನ್ನೀರಲ್ಲ ಕಣೇ," ಎಂದರು.

"ಮತ್ತೇನ್ರೀ?"

ಅವರು ಹೇಳಿದರು. ನಾದಿನಿಗೂ ಕೇಳಿಸಿತು. ಕ್ಷಣದಲ್ಲಿ ಛತ್ರದವರೆಲ್ಲ ಬಚ್ಚಲಿಗೆ ಓಡಿದರು!

ಅಷ್ಟರಲ್ಲಿ ಸಾಬರು ನೂರಿಯನ್ನು ಹಿಡಿದು ತಂದರು. ಬಹಾದ್ದೂರ ಖಾಲಿ ಕುರ್ಚಿಗಳನ್ನೂ ಒಂದೊಂದಾಗಿ ಮೂಸಿ ಮುಗಿಸಿತ್ತು. ಬಾಗಿಲಲ್ಲಿ ನೂರಿ ಬಾಲ ಎತ್ತಿ ಸಣ್ಣಗೆ ಕೆನೆಯಿತು. ಬಹಾದ್ದೂರ ತಿರುಗಿತು. ಮೂಸಿತು. ಈ ಸಲ ಮುಂದೆ ಹೋಗಲಿಲ್ಲ.

ಸಾಬರು ಎರಡನ್ನೂ ಲಾಯಕ್ಕೆ ಹೊಡೆದುಕೊಂಡು ಹೋಗಿ, ಬಾಗಿಲು ಮುಚ್ಚಿ ಹೊರಗೆ ಕೂತರು.

ಮರುವರ್ಷ ನೂರಿ ಹೆಣ್ಣು ಮರಿ ಹಾಕಿತು. ಸಾಬರು ಕಣ್ಣೊರೆಸಿಕೊಂಡು ಮಿಠಾಯಿ ಹಂಚಿದರು.

"ನನ್ನ ಯಂತ್ರದ ಮಹಿಮೆ!" ಎಂದರು ಯಜಮಾನರು.

"ಹೌದು ಮೇಷ್ಟ್ರೇ," ಎಂದರು ಸಾಬರು. "ಊರವರನ್ನೆಲ್ಲ ಮೂಸಿ ನೋಡಿದ ಮೇಲೆ ತಾನೆ ಅವನಿಗೆ ಮನೆಯವಳ ಬೆಲೆ ಗೊತ್ತಾಗಿದ್ದು!"

ನಾನು ಯಜಮಾನರ ಕಡೆ ನೋಡಿದೆ. ಅವರು ಮಿಠಾಯಿ ಮೂಸುತ್ತಿದ್ದರು.