ವಿಲ್ಫ್ ಹಾರ್ಗ್ರೀವ್ಸನ ನಗು

ಇನ್ನು ಮೇಲೆ ನಾಲ್ಕು ಜನರ ಎದುರು ನಗುವುದಿಲ್ಲ ಎಂದು ವಿಲ್ಫ್ ಹಾರ್ಗ್ರೀವ್ಸ್ ತನ್ನ ಹೆಂಡತಿ ಮ್ಯೂರಿಯಲ್‌ಗೆ ಮಾತು ಕೊಟ್ಟು ಹನ್ನೆರಡು ವರ್ಷವಾಗಿತ್ತು. ಕೊಟ್ಟದ್ದು ಸ್ಮಶಾನದ ಗೇಟಿನ ಹತ್ತಿರ. ಅವತ್ತು ಮ್ಯೂರಿಯಲ್‌ಳ ಚಿಕ್ಕಪ್ಪನ ಅಂತ್ಯಕ್ರಿಯೆ. ಚರ್ಚಿನಲ್ಲಿ ಪಾದ್ರಿಗಳು ಶವಪೆಟ್ಟಿಗೆಯ ಮುಂದೆ ನಿಂತು ಜೋರಾಗಿ ಸೀನಿದರು. ಅವರ ಹಲ್ಲಿನ ಸೆಟ್ಟು ಹಾರಿಹೋಗಿ ಹೂಗುಚ್ಛದ ನಡುವೆ ಕೂತಿತು. ಬಂದವರೆಲ್ಲ ಏನೂ ಆಗಿಲ್ಲವೆಂಬಂತೆ ನೆಲ ನೋಡಿದರು. ವಿಲ್ಫ್ ನಕ್ಕ.

ವಿಲ್ಫನ ನಗು ಎಂದರೆ ಯಾರಾದರೂ ಕೇಳಿಸಿಕೊಂಡು ಸುಮ್ಮನಿರಬಹುದಾದ ನಗುವಲ್ಲ. ಮೊದಲು ಚಳಿಗೆ ಸ್ಟಾರ್ಟ್ ಆಗದ ಲಾರಿಯ ಹಾಗೆ ಕೆಮ್ಮುತ್ತದೆ, ಆಮೇಲೆ ಬಾಲ ತುಳಿಸಿಕೊಂಡ ಕತ್ತೆಯ ಹಾಗೆ ಏರುತ್ತದೆ, ಕೊನೆಗೆ ಕುದಿಯುವ ಕೆಟಲ್ಲಿನ ಸಿಳ್ಳೆಯಾಗಿ ನಿಲ್ಲುತ್ತದೆ.

"ಇನ್ನೊಂದು ಸಲ ಹೊರಗೆ ನಕ್ಕರೆ ನಾನು ಬ್ಲ್ಯಾಕ್‌ಪೂಲಿಗೆ ಹೊರಟೆ, ನಮ್ಮಕ್ಕನ ಮನೆಗೆ. ವಾಪಸ್ ಬರೋ ಮಾತೇ ಇಲ್ಲ," ಎಂದಿದ್ದಳು ಮ್ಯೂರಿಯಲ್.

"ಮನೇಲಿ?"

"ಬಾಗಿಲು ಹಾಕ್ಕೊಂಡು ಏನಾದ್ರೂ ಮಾಡ್ಕೊಳ್ಳಿ."

ಈ ಒಂದು ಸಡಿಲಿಕೆಯ ಮೇಲೆ ವಿಲ್ಫ್ ಬದುಕಿದ್ದ. ತಿಂಗಳ ಚಂದಾ ಕಟ್ಟಿ, ಹಾಸ್ಯಕ್ಕೇ ಮೀಸಲಾದ ಚಾನೆಲ್ ಒಂದನ್ನು ಹಾಕಿಸಿಕೊಂಡ. ಬಸ್ ಡಿಪೋದಲ್ಲಿ ದಿನವಿಡೀ ನುಂಗಿಟ್ಟುಕೊಂಡ ನಗುವನ್ನೆಲ್ಲ ಸಂಜೆ ಪರದೆ ಎಳೆದು, ಮಗ್ ತುಂಬ ಟೀ ಹಿಡಿದು, ಆ ಚಾನೆಲ್ಲಿನ ಮುಂದೆ ಕೂತು ನಕ್ಕುಬಿಡುತ್ತಿದ್ದ.

ಆದರೆ ಅವರಿದ್ದ ಓಲ್ಡಮ್ ಊರಿನ ಸಾಲುಮನೆಗಳಲ್ಲಿ ಗೋಡೆ ಇರುವುದು ಹೆಸರಿಗೆ ಮಾತ್ರ. ಪಕ್ಕದ ಮನೆಯ ಸ್ಟ್ಯಾನ್ ಬರ್ಟ್‌ವಿಸಲ್‌ಗೆ ಆ ನಗು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಉಪಕಾರ ಮಾಡದಿದ್ದರೆ ಆತನಿಗೆ ನಿದ್ದೆ ಬರುವುದಿಲ್ಲ. ಒಂದು ಶನಿವಾರ ಬೆಳಿಗ್ಗೆಯೇ ಬಾಗಿಲು ಬಡಿದ.

"ವಿಲ್ಫ್, ಕೋಟು ಹಾಕ್ಕೊಳಪ್ಪ! ನಿನ್ನ ಚಾನೆಲ್ಲಿನವರು ಚಂದಾದಾರರಿಗೆ ಚೀಟಿ ಎತ್ತಿದಾರೆ. ನಿನ್ನ ಹೆಸರು ಕಳಿಸಿದ್ದೆ, ಬಂದುಬಿಡ್ತು! ಮ್ಯಾಂಚೆಸ್ಟರ್ ಸ್ಟುಡಿಯೋದಲ್ಲಿ ಇವತ್ತು ಡ್ಯಾನಿ ಸ್ಪ್ರೋಟನ ಕಾರ್ಯಕ್ರಮ. ನಾವು ಮೂವರೂ ಪ್ರೇಕ್ಷಕರು."

ಡ್ಯಾನಿ ಸ್ಪ್ರೋಟ್! ವಿಲ್ಫನನ್ನು ಸೋಫಾದಿಂದ ಕೆಳಗೆ ಉರುಳಿಸಿದ್ದ ಏಕೈಕ ಹಾಸ್ಯಗಾರ.

"ತುಂಬಾ ಥ್ಯಾಂಕ್ಸ್ ಸ್ಟ್ಯಾನ್. ಆದ್ರೆ ನಂಗೆ ಬೆನ್ನು ಸ್ವಲ್ಪ..."

"ಬೆನ್ನಿಗೆ ಏನೂ ಆಗಿಲ್ಲ," ಎಂದಳು ಮ್ಯೂರಿಯಲ್, ಆಗಲೇ ಮದುವೆಗೆ ಹಾಕುವ ಟೋಪಿ ಹುಡುಕುತ್ತ. "ಕೊಟ್ಟಿದ್ದನ್ನ ಬೇಡ ಅಂದ್ರೆ ಏನಂದ್ಕೊಳ್ತಾರೆ? ಟೀವೀಲಿ ಬರ್ತೀವಿ ಕಣ್ರೀ! ನಮ್ಮಕ್ಕ ನೋಡ್ತಾಳೆ." ಆಮೇಲೆ ಅವನ ಕಿವಿಯ ಹತ್ತಿರ ಬಂದು, "ಮಾತು ನೆನಪಿದೆ ತಾನೆ?" ಎಂದಳು.

ರೈಲಿನುದ್ದಕ್ಕೂ ವಿಲ್ಫ್ ದುಃಖದ ಸಂಗತಿಗಳನ್ನು ಸಂಗ್ರಹಿಸಿದ. ಬಚ್ಚಲಿನ ಸೋರುವ ಚಾವಣಿ, ತನ್ನ ಫುಟ್‌ಬಾಲ್ ತಂಡ, ಅತ್ತೆ ಕ್ರಿಸ್‌ಮಸ್ಸಿಗೆ ಮಾಡುವ ಪುಡ್ಡಿಂಗ್. ಹಿಂದಿನ ಸಾಲಿನ ಕತ್ತಲಲ್ಲಿ ಕೂತರೆ ಹೇಗೋ ಪಾರಾಗಬಹುದು ಎಂದುಕೊಂಡ.

ಸ್ಟುಡಿಯೋದ ಬಾಗಿಲಲ್ಲಿ ನಿರ್ಮಾಪಕಿ ಫಿಲಿಪ್ಪಾ ಹೆಡ್‌ಫೋನ್ ಹಾಕಿಕೊಂಡು ಜನರನ್ನು ಕೂರಿಸುತ್ತಿದ್ದಳು.

"ಮೇಡಮ್, ಈತನನ್ನ ಮುಂದೆ ಕೂರಿಸಿ," ಎಂದು ಕೂಗಿದ ಸ್ಟ್ಯಾನ್. "ಇಡೀ ಲ್ಯಾಂಕಶೈರಿನಲ್ಲಿ ಇಂಥ ನಗು ಇನ್ನೊಂದಿಲ್ಲ!"

ಫಿಲಿಪ್ಪಾಳ ಕಣ್ಣು ಅರಳಿತು. ವಿಲ್ಫನನ್ನು ಮುಂದಿನ ಸಾಲಿನ ನಟ್ಟನಡುವೆ ಕೂರಿಸಿ, ತಲೆಯ ಮೇಲೆ ಪಡವಲಕಾಯಿಯ ಹಾಗೆ ಒಂದು ಮೈಕು ಇಳಿಬಿಡಿಸಿದಳು.

ಡ್ಯಾನಿ ಬಂದ. ಮೊದಲ ಮಾತಿಗೇ ಸಭೆ ಹೋ ಎಂದಿತು. ವಿಲ್ಫ್ ಪುಡ್ಡಿಂಗ್ ನೆನೆಸಿಕೊಂಡ. ಎರಡನೆಯ ಮಾತಿಗೆ ಸ್ಟ್ಯಾನ್ ತೊಡೆ ತಟ್ಟಿದ. ವಿಲ್ಫ್ ತನ್ನ ತೊಡೆ ಚಿವುಟಿಕೊಂಡ. ಲಾರಿ ಗಂಟಲವರೆಗೆ ಬಂದು ಕೆಮ್ಮಲು ಶುರುಮಾಡಿತ್ತು, ಒತ್ತಿ ಹಿಡಿದ. ಮುಖ ಬೀಟ್‌ರೂಟ್ ಆಯಿತು.

ಮುಂದಿನ ಸಾಲಿನವರನ್ನು ಕೆಣಕದೆ ಬಿಡುವ ಹಾಸ್ಯಗಾರನುಂಟೇ? ಡ್ಯಾನಿ ಮೆಟ್ಟಿಲಿಳಿದು ಬಂದ.

"ಏನ್ ಯಜಮಾನ್ರೆ, ದಾರಿ ತಪ್ಪಿ ಬಂದ್ರಾ? ದಂತವೈದ್ಯರು ಪಕ್ಕದ ಬೀದೀಲಿ."

ಸಭೆ ಕುಣಿಯಿತು. ವಿಲ್ಫ್ ಕಲ್ಲು.

"ಪಕ್ಕದಲ್ಲಿರೋದು ಹೆಂಡ್ತಿನಾ? ತಾಯಿ, ಇವರು ಕೊನೇಸಲ ನಕ್ಕಿದ್ದು ಯಾವಾಗ?"

"ನಮ್ಮ ಚಿಕ್ಕಪ್ಪ ಸತ್ತಾಗ," ಎಂದಳು ಮ್ಯೂರಿಯಲ್, ಬಾಯಿ ತಪ್ಪಿ.

ಸಭೆ ಕುರ್ಚಿಯಿಂದ ಬಿತ್ತು. ಡ್ಯಾನಿಗೆ ಹಟ ಬಂತು. ನೆಗೆದ, ಕೋಳಿಯ ಹಾಗೆ ಕೂಗಿದ, ಮ್ಯೂರಿಯಲ್‌ಳ ಟೋಪಿ ಇಟ್ಟುಕೊಂಡು ವಿಲ್ಫನ ತೊಡೆಯ ಮೇಲೆ ಕೂತ. ಜನ ಹೊಟ್ಟೆ ಹಿಡಿದುಕೊಂಡರು, ಡ್ಯಾನಿಯನ್ನು ನೋಡಿ ಅಲ್ಲ, ವಿಲ್ಫನ ಮುಖ ನೋಡಿ.

"ನಗೋ ಪುಣ್ಯಾತ್ಮ, ನನ್ನ ಮರ್ಯಾದೆ ಹೋಗ್ತಿದೆ!" ಎಂದು ಸ್ಟ್ಯಾನ್ ಪಕ್ಕೆ ತಿವಿದ.

"ರೀ, ಎಲ್ಲಾರೂ ನೋಡ್ತಿದಾರೆ, ನಕ್ಕುಬಿಡಿ!" ಎಂದು ಮ್ಯೂರಿಯಲ್ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಇದು ಪರೀಕ್ಷೆ ಎಂದು ವಿಲ್ಫನಿಗೆ ಖಚಿತವಾಯಿತು. ಸಂಸಾರ ಅಷ್ಟನ್ನು ಕಲಿಸಿತ್ತು. ತುಟಿ ಇನ್ನೂ ಬಿಗಿದ. ಒತ್ತಡಕ್ಕೆ ಕಣ್ಣಿನಿಂದ ಒಂದು ಹನಿ ನೀರು ಇಳಿದು ಗಲ್ಲದ ಮೇಲೆ ನಿಂತಿತು. ಕ್ಯಾಮರಾ ಅದನ್ನು ಹತ್ತಿರದಿಂದ ಹಿಡಿಯಿತು. ಡ್ಯಾನಿ ಟೋಪಿ ಕೆಳಗಿಟ್ಟು, "ನಂಗಾಗಲ್ಲ ಸ್ವಾಮಿ," ಎಂದು ಒಳಗೆ ಹೊರಟೇಹೋದ. ಚಪ್ಪಾಳೆ ನಿಲ್ಲಲೇ ಇಲ್ಲ.

ಕಾರ್ಯಕ್ರಮ ಕೆಡಿಸಿದ್ದಕ್ಕೆ ಬೈಸಿಕೊಳ್ಳಲು ವಿಲ್ಫ್ ತಲೆ ತಗ್ಗಿಸಿ ನಿಂತಿದ್ದಾಗ ಫಿಲಿಪ್ಪಾ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಸಾರ್, ಎಲ್ಲಿದ್ರಿ ಇಷ್ಟು ದಿನ? ಪ್ರತಿ ಶನಿವಾರ ನೀವು ಬರಬೇಕು. ಅದೇ ಕುರ್ಚಿ, ಅದೇ ಮುಖ. 'ಓಲ್ಡಮ್ಮಿನ ಕಲ್ಲು' ಅಂತ ಹೆಸರಿಡ್ತೀವಿ. ಸಂಭಾವನೆ ಕೊಡ್ತೀವಿ, ಮೇಲೆ ಜೀವನಪೂರ್ತಿ ಚಾನೆಲ್ ಪುಕ್ಕಟೆ. ಒಂದೇ ಷರತ್ತು, ನೀವು ನಕ್ಕಿದ್ದನ್ನ ಯಾರೂ ನೋಡಬಾರದು, ಕೇಳಬಾರದು."

"ಹೊರಗೆ ತಾನೆ?" ಎಂದ ವಿಲ್ಫ್, ಸಣ್ಣ ದನಿಯಲ್ಲಿ.

"ಮನೇಲೂ! ನಮ್ಮ ಪತ್ರಿಕೆಯವರು ಗೊತ್ತಲ್ಲ, ಕಿಟಕಿ ಕೆಳಗೇ ಕೂತಿರ್ತಾರೆ."

ವಿಲ್ಫ್ ಬಾಯಿ ತೆರೆಯುವಷ್ಟರಲ್ಲಿ ಮ್ಯೂರಿಯಲ್ ಅವನ ಕೈಗೆ ಪೆನ್ನು ತುರುಕಿದ್ದಳು. ಮದುವೆಯಾದ ದಿನದ ನಂತರ ಅವಳು ಅವನನ್ನು ಅಷ್ಟು ಅಭಿಮಾನದಿಂದ ನೋಡಿದ್ದು ಅದೇ ಮೊದಲು. ಸಹಿ ಹಾಕಿದ.

ಆ ಸಂಜೆ ಪುಕ್ಕಟೆ ಚಾನೆಲ್ಲಿನಲ್ಲಿ ಡ್ಯಾನಿಯ ಹಳೆಯ ಕಾರ್ಯಕ್ರಮ ಬಂತು. ಮ್ಯೂರಿಯಲ್ ನಕ್ಕೂ ನಕ್ಕೂ ಸೋಫಾದಿಂದ ಕೆಳಗೆ ಜಾರಿದಳು. ಪಕ್ಕದಲ್ಲಿ ಟೀ ಹಿಡಿದು ಕೂತಿದ್ದ ವಿಲ್ಫ್ ನಗಲಿಲ್ಲ.

ಕೊಟ್ಟ ಮಾತು ಉಳಿಯಿತು.