ಹಗೇವಿನ ಐದನೇ ಬುಟ್ಟಿ

ಸುಮ್ಮನೆ ಕೂತ ಮನುಷ್ಯನನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲೋಕದಲ್ಲಿ ಎಲ್ಲರಿಗೂ ವಾಚಾಳಿಗಳನ್ನು ಕಂಡರೆ ಆಗುವುದಿಲ್ಲ. ನನಗೆ ಬಾಯಿ ಮುಚ್ಚಿಕೊಂಡವರನ್ನು ಕಂಡರೆ ಆಗುವುದಿಲ್ಲ. ಸಿರುಗುಪ್ಪದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಪಕ್ಕದ ಕೋಣೆಯ ಮಾಸ್ತರು ಬೆತ್ತದಿಂದ ಮೇಜು ಬಡಿದು ಹುಡುಗರ ಬಾಯಿ ಮುಚ್ಚಿಸುತ್ತಿದ್ದರೆ, ನಾನು ಈ ಕಡೆ "ಯಾಕ್ರಲೇ ಸುಮ್ಮ ಕುಂತೀರಿ, ಏನಾರ ಮಾತಾಡ್ರಲೇ" ಎಂದು ಕೂಗುತ್ತಿರುತ್ತೇನೆ. ಹೆಡ್‌ಮಾಸ್ತರು ಈ ವಿಷಯವಾಗಿ ಎರಡು ಸಲ ಕರೆಸಿ ಕೇಳಿದ್ದಾರೆ. ಮನೆಯಲ್ಲಿ ಹೆಂಡತಿ ಅಕ್ಕಿ ಆರಿಸುತ್ತ ಸ್ವಲ್ಪ ಹೊತ್ತು ಮಾತಾಡದಿದ್ದರೆ ಪೇಪರಿನ ಮರೆಯಿಂದ ಇಣುಕಿ ನೋಡುತ್ತೇನೆ. ಅವಳು ತಲೆ ಎತ್ತದೆ, "ಅದೀನ್ರಿ, ಅದೀನಿ. ಪೇಪರ್ ಓದ್ರಿ" ಎನ್ನುತ್ತಾಳೆ. ಈ ರೋಗ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹೋದ ಮಳೆಗಾಲದಲ್ಲಿ, ಕುರುಗೋಡಿನ ನಮ್ಮ ಮನೆಯ ಅಂಗಳದಲ್ಲಿ ಅಂಟಿಕೊಂಡದ್ದು.

ಬಳ್ಳಾರಿಯ ದೊಡ್ಡ ವರ್ತಕರ ಮನೆಗಳಲ್ಲಿ ಮೆಟ್ಟಿಲಿಳಿದು ಹೋಗುವ ನೆಲಮಾಳಿಗೆಗಳಿವೆಯಂತೆ. ನಮ್ಮಂಥವರ ನೆಲಮಾಳಿಗೆಗೆ ಮೆಟ್ಟಿಲಿಲ್ಲ. ಅದರ ಹೆಸರು ಹಗೇವು. ಅಂಗಳದ ಗರಸು ನೆಲವನ್ನು ಅಗೆದು ಮಾಡಿದ ಗಡಿಗೆಯಾಕಾರದ ಗುಂಡಿ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಎಂಟು ಜನ ಕೂತು ಉಣ್ಣುವಷ್ಟು. ಒಳಗೆ ಸುತ್ತಲೂ ದಂಟು ಹೊಂದಿಸಿ, ಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ? ಒಳಗಿನ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಹುಳ ಬದುಕದ ಕಡೆ ಮನುಷ್ಯ ಹೇಗೆ ಬದುಕುತ್ತಾನೆ ಎಂಬ ಪ್ರಶ್ನೆ ಬಿ.ಎಸ್ಸಿ. ಮಾಡಿದ ನನಗಾದರೂ ಏಳಬೇಕಿತ್ತು. ಎದ್ದಿತ್ತು ಕೂಡ. ಆದರೆ ಅದು ಎದ್ದದ್ದು ಪರೀಕ್ಷೆಯ ಹಾಳೆಯ ಮೇಲೆ, ನಮ್ಮ ಅಂಗಳದಲ್ಲಿ ಅಲ್ಲ.

ಆ ಮನೆಯ, ಆ ಹಗೇವಿನ ಯಜಮಾನ ನನ್ನ ಅಣ್ಣ ವೀರಭದ್ರಪ್ಪ. ನನಗಿಂತ ಹತ್ತು ವರ್ಷ ದೊಡ್ಡವನು. ಅಣ್ಣ ಜೀವಮಾನದಲ್ಲಿ ಯಾವ ವಾದದಲ್ಲೂ ಸೋತವನಲ್ಲ. ಜ್ವರ ಬಂದಾಗ ಥರ್ಮಾಮೀಟರಿನ ಜೊತೆ ವಾದ ಮಾಡಿ, ಅದು ಸುಳ್ಳು ಹೇಳುತ್ತಿದೆಯೆಂದು ಸಾಧಿಸಿ, ಹೊಲಕ್ಕೆ ಹೋದವನು. "ಅಣ್ಣಾ, ಈ ಹಗೇವು ಬಿಡು, ತಗಡಿನ ಡಬ್ಬಿ ಬಂದಾವು, ಅದರಾಗ ಜೋಳ ಇಡು" ಎಂದು ನಾನು ಹೇಳಿದ್ದುಂಟು. "ತಗಡಿನಾಗ ಇಟ್ಟ ಜೋಳದ ರೊಟ್ಟಿ ತಗಡಿನಂಗ ಇರ್ತೈತಿ. ನೀ ಸಿರುಗುಪ್ಪದಾಗ ಅನ್ನ ತಿಂದು ತಿಂದು ಮೆತ್ತಗ ಆಗೀದಿ, ನಿನಗೇನ್ ತಿಳೀತೈತಿ ರೊಟ್ಟಿ ರುಚಿ?" ಎಂದ. ಕಾಲುವೆ ನೀರಿನ ಊರಿನಲ್ಲಿ ನೆಲ್ಲು ಬೆಳೆಯುವವರ ಮಧ್ಯೆ ಸಂಬಳಕ್ಕಿರುವುದು ಅವನ ಪ್ರಕಾರ ಜಾತಿ ಕೆಟ್ಟಷ್ಟೇ ದೊಡ್ಡ ತಪ್ಪು.

ಆದರೂ ಅವತ್ತಿನ ಅನಾಹುತಕ್ಕೆ ಮೊದಲ ಕಾರಣ ಅಣ್ಣನಲ್ಲ, ರಸ್ತೆ ಕಂಟ್ರಾಕ್ಟರು. ಆ ಮನುಷ್ಯನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸುವ ಮನಸ್ಸೂ ಇಲ್ಲ. ಬೇಸಿಗೆಯಲ್ಲಿ ನಮ್ಮ ಓಣಿಗೆ ಕಲ್ಲು ಮಣ್ಣು ಸುರಿದು ರಸ್ತೆಯನ್ನು ಮೊಣಕಾಲೆತ್ತರ ಏರಿಸಿದ. ಚರಂಡಿ ಮಾಡಲಿಲ್ಲ. ಅಣ್ಣ ಮೂರು ದಿನ ಅವನ ಹಿಂದೆ ಬಿದ್ದು, "ನೀರು ಎಲ್ಲಿಗೆ ಹೋಗಬೇಕ್ರಿ?" ಎಂದು ಕೇಳಿದನಂತೆ. "ನೀರಿಗೆ ಯಾರರ ದಾರಿ ತೋರಿಸಬೇಕೇನ್ರಿ? ಅದ ಹೋಗ್ತೈತಿ" ಎಂದನಂತೆ ಕಂಟ್ರಾಕ್ಟರು. ಹೋಯಿತು. ಎರಡು ದಿನ ಬಿಡದೆ ಹೊಡೆದ ಮಳೆಗೆ ಗುಡ್ಡದ ಕಡೆಯ ನೀರೆಲ್ಲ ಓಣಿಗೆ ಇಳಿದು, ಓಣಿಯಿಂದ ನಮ್ಮ ಅಂಗಳಕ್ಕೆ ಇಳಿದು, ಅಂಗಳದಿಂದ ಬಂಡೆಯ ಸಂದಿ ಹಿಡಿದು ಹಗೇವಿಗೆ ಇಳಿಯಿತು. ಆಮೇಲೊಂದು ದಿನ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ. ಮಿರ್ಚಿ ತಿನ್ನುತ್ತಿದ್ದ. ನೆಮ್ಮದಿಯಾಗಿ, ಒಂದೊಂದಾಗಿ, ತೊಟ್ಟು ಹಿಡಿದು ತಿನ್ನುತ್ತಿದ್ದ. ಹೋಗಿ ಪೊಟ್ಟಣ ಕಸಿದು ಚೆಲ್ಲಬೇಕೆನ್ನಿಸಿತು. ಚೆಲ್ಲಲಿಲ್ಲ. ಬಸ್ಸು ಬಂತು, ಹತ್ತಿದೆ. ಓದಿದವರ ಸಿಟ್ಟು ಇಷ್ಟೇ.

ಅತ್ತಿಗೆ ಬಸ್ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ್ದಳು: "ಹಗೇವಿನಾಗ ನೀರು ಹೊಕ್ಕೈತಿ, ತಮ್ಮ ಬರಬೇಕಂತ." ನಾನು ಸಾಲೆಗೆ ರಜೆ ಹಾಕಿ, ದಾರಿಯಲ್ಲಿ ಹಳ್ಳ ಇಳಿಯುವ ತನಕ ಬಸ್ಸಿನಲ್ಲೇ ಕಾದು, ನೀರು ಹೊಕ್ಕ ಮೂರನೆಯ ದಿನ ಬೆಳಿಗ್ಗೆ ಮನೆ ಮುಟ್ಟಿದೆ. ಹಿಂದಿನ ದಿನ ಅಣ್ಣ ಮೇಲೆ ನಿಂತೇ ಕೊಡ ಇಳಿಬಿಟ್ಟು, ಜೋಳದ ಮೇಲೆ ನಿಂತಿದ್ದ ನೀರನ್ನು ಸೇದಿ ಹಾಕಿದ್ದ. ಸಂಜೆ ಮತ್ತೆ ಹನಿ ಬಿತ್ತೆಂದು ಬಂಡೆ ಎಳೆದು ಮುಚ್ಚಿದ್ದ. ಬೆಳಿಗ್ಗೆ ತೆರೆದಾಗ ಹುಳಿ ಹೆಂಡದ ನಾತ ಮುಖಕ್ಕೆ ಹೊಡೆಯಿತಂತೆ. ನೆನೆದ ಜೋಳ ಒಳಗೊಳಗೇ ಹುದುಗು ಬರುತ್ತಿತ್ತು. ಮೇಲಿನ ಕೆಟ್ಟ ಪದರವನ್ನು ಅವತ್ತೇ ಎತ್ತದಿದ್ದರೆ ಅಡಿಯ ಒಳ್ಳೆಯ ಜೋಳವೂ ಹೋಗುತ್ತದೆ, ಅಂದರೆ ವರ್ಷದ ರೊಟ್ಟಿಯೇ ಹೋಗುತ್ತದೆ. ಗುಡ್ಡದ ಮೇಲೆ ಮತ್ತೆ ಮೋಡ ಕಟ್ಟುತ್ತಿತ್ತು. ಹಗೇವು ತೆರೆದರೆ ಒಂದು ಇಡೀ ದಿನ ಬಾಯಿ ಬಿಟ್ಟಿರಬೇಕು ಎಂಬುದು ನಮ್ಮಪ್ಪನ ಕಾಲದ ಕಟ್ಟಳೆ. ಅಣ್ಣ ಎರಡು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟಿದ್ದ.

"ದೀಪ ಬಿಟ್ಟು ನೋಡೋಣು" ಎಂದೆ. ಅದೂ ಅಪ್ಪನದೇ ಪದ್ಧತಿ. ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಡಬೇಕು, ಆರಿದರೆ ಇಳಿಯಬಾರದು. ಕಂದೀಲು ಬಿಡುವ ಕೆಲಸ ನನಗೇ ಬಂತು, ಯಾಕೆಂದರೆ ನಾನು ಸೈನ್ಸ್ ಮಾಸ್ತರ. ಇಳಿಸಿದೆ. ಒಳಗೆ ನಿಂತ ಮನುಷ್ಯನ ತಲೆ ಎಲ್ಲಿ ಬರುತ್ತದೆ ಎಂದು ಅಂದಾಜು ಮಾಡಿ ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಕೆಳಗೆ ಬಿಟ್ಟರೆ ಕಂದೀಲು ಒದ್ದೆ ಜೋಳದ ಮೇಲೆ ವಾಲಿ ಗಾಜು ಒಡೆದೀತು. ಗಾಜು ಹೊಸದು, ಹಿಂದಿನ ತಿಂಗಳಷ್ಟೇ ನಾನೇ ಬಳ್ಳಾರಿಯಿಂದ ತಂದುಕೊಟ್ಟದ್ದು. ದೀಪ ಚೆನ್ನಾಗಿಯೇ ಉರಿಯಿತು. "ಏನೂ ಭಯ ಇಲ್ಲ, ಇಳಿ" ಎಂದೆ. ಈ ಮಾತು ನನ್ನದೇ. ಬೇರೆ ಯಾರೂ ಹೇಳಲಿಲ್ಲ.

ಅತ್ತಿಗೆ ಹಗ್ಗ ತಂದು ಅಣ್ಣನ ಕಂಕುಳ ಕೆಳಗೆ ಸುತ್ತಿ ಬಿಗಿಯಾಗಿ ಗಂಟು ಹಾಕತೊಡಗಿದಳು.

"ಏನ್ ಎಮ್ಮಿ ಮಾಡೀಯೇನ ನನ್ನ?" ಎಂದ ಅಣ್ಣ.

"ಎಮ್ಮಿ ಆಗಿದ್ರ ಹೇಳಿದ ಮಾತು ಕೇಳ್ತಿತ್ತು. ಕೈ ಮ್ಯಾಲೆತ್ರಿ" ಎಂದಳು ಅತ್ತಿಗೆ.

ಇನ್ನೊಂದು ಕಟ್ಟಳೆ ಇದೆ. ಹಗೇವಿಗೆ ಇಳಿದವನು ಬಾಯಿ ಮುಚ್ಚಬಾರದು. ಬುಟ್ಟಿ ತುಂಬಿದಾಗಲೆಲ್ಲ ಎಣಿಕೆ ಕೂಗಬೇಕು, ಮೇಲಿದ್ದವನು ಅದನ್ನೇ ತಿರುಗಿ ಕೂಗಿ ಬುಟ್ಟಿ ಎಳೆದುಕೊಳ್ಳಬೇಕು. ಹೆಸರಿಗೆ ಅದು ಕಾಳಿನ ಎಣಿಕೆ. ದನಿ ನಿಂತಿತೋ, ಹಗ್ಗ ಎಳೆಯಬೇಕು. ಅಪ್ಪ ಇದನ್ನು ನಮ್ಮಿಬ್ಬರಿಗೂ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸಿದ್ದ. ನಮ್ಮ ಕಡೆ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. "ಲಾಭ!" ಎಂದು ಒಳಗಿನಿಂದ ಅಣ್ಣನ ದನಿ ಬಂತು. "ಲಾಭ!" ಎಂದು ನಾನೂ ಕೂಗಿ, ಮೊಳಕೆ ಬಂದು ನಾರುತ್ತಿದ್ದ ಆ ಮೊದಲ ಬುಟ್ಟಿ ಲಾಭವನ್ನು ಎಳೆದು ಗೋಣಿತಟ್ಟಿನ ಮೇಲೆ ಸುರಿದೆ. ಎರಡು. ಮೂರು. ನಾಲ್ಕು. ಐದು. ಒಂದೊಂದು ಬುಟ್ಟಿಯದೂ ಒಂದೊಂದು ಗುಡ್ಡೆ.

ಆರನೆಯದು ಅರ್ಧ ಬುಟ್ಟಿ ಬಂತು. ಒಳಗಿನಿಂದ ಅಣ್ಣ "ಐದು" ಎಂದ.

"ಐದಾಗಿ ಹೋತು, ಇದು ಆರು" ಎಂದೆ.

"ಐದಲೇ."

"ಗುಡ್ಡಿ ನನ್ ಮುಂದ ಅದಾವ ಅಣ್ಣಾ. ಆರು."

"ಮಾಸ್ತರಾ... ಸಾಲ್ಯಾಗ ಎಣಿಸು ಹೋಗು... ಐದು."

ದನಿ ಎಳೆದೆಳೆದು ಬರುತ್ತಿತ್ತು, ನನ್ನನ್ನು ಅಣಕಿಸುವವನ ಹಾಗೆ. ಬುಟ್ಟಿ ಮತ್ತೆ ಇಳಿಸಿದೆ. ತಡವಾಗಿ ಮತ್ತೊಮ್ಮೆ "ಐದು" ಎಂಬ ದನಿ ಬಂತು. ಎಳೆದರೆ ಬುಟ್ಟಿಯ ತಳದಲ್ಲಿ ಒಂದು ಹಿಡಿ ಜೋಳ. ನನಗೆ ಕೆಟ್ಟ ಸಿಟ್ಟು ಬಂತು. ರಜೆ ಹಾಕಿ, ಹಳ್ಳ ದಾಟಿ, ಬೆಳಗಿನಿಂದ ಹೊಟ್ಟೆಗಿಲ್ಲದೆ ಬಂದವನಿಗೆ ಖಾಲಿ ಬುಟ್ಟಿ ಕಳಿಸಿ ಚೇಷ್ಟೆ ಮಾಡುತ್ತಾನಲ್ಲ! ಬಾಯಿಗೆ ಬಗ್ಗಿ ಕೂಗಿದೆ: "ಲೆಕ್ಕ ಬರದಿದ್ದರ ಒಪ್ಪಿಕೋ ಅಣ್ಣಾ! ಆರಾಗಿ ಏಳು ಇದು! ನಲವತ್ತು ವರ್ಷದಾಗ ಒಮ್ಮೆರ ಸೋತೀನಿ ಅನ್ನು!"

ಉತ್ತರ ಬರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತೇನೆ, ಕಣ್ಣು ಮುಚ್ಚಿದರೂ, ತೆರೆದರೂ. ಅಣ್ಣನ ದನಿ ನಿಂತಿತು. ದನಿ ನಿಂತರೆ ಏನು ಮಾಡಬೇಕೆಂಬುದು ನನಗೆ ಬಾಯಿಪಾಠವಿತ್ತು. ನಾನು ಏನು ಮಾಡಿದೆ? ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ಸಂತೋಷಪಟ್ಟೆ. ಹುಟ್ಟಿದಾಗಿನಿಂದ ಮೊದಲ ಸಲ ಅಣ್ಣನನ್ನು ವಾದದಲ್ಲಿ ಗೆದ್ದಿದ್ದೆ. ಸಾಲೆಯಲ್ಲಿ ಇದನ್ನು ಹೇಗೆ ಹೇಳಬೇಕು, ಹೆಂಡತಿಗೆ ಹೇಗೆ ಹೇಳಬೇಕು ಎಂದು ಯೋಚಿಸುತ್ತಿದ್ದೆ. ಗೆಲುವನ್ನು ಎಷ್ಟು ಹೊತ್ತು ಸವಿದೆನೋ ಗೊತ್ತಿಲ್ಲ. ಅಷ್ಟು ಹೊತ್ತೂ ಅಣ್ಣ ಕೆಳಗೆ ಜೋಳದ ಮೇಲೆ ಬೋರಲು ಬಿದ್ದಿದ್ದ.

ಅತ್ತಿಗೆ ಅಡಿಗೆಮನೆಯಿಂದ ಹೊರಗೆ ಬಂದಳು. "ಯಾಕ ಸುಮ್ಮನಾಗ್ಯಾರ?"

"ಸೋತಾನ ಅತ್ತಿಗಿ" ಎಂದೆ, ನಗುತ್ತ.

ಅವಳು ಓಡಿ ಬಂದು ಹಗ್ಗಕ್ಕೆ ಕೈ ಹಾಕಿದಳು. "ಅವರು ಸೋಲಾಂಗಿಲ್ಲ ತಮ್ಮಾ! ಜಗಳದ ನಡುವ ಬಾಯಿ ಮುಚ್ಚೋ ಮನುಷ್ಯಾ ಅಲ್ಲ ಅವರು! ಎಳಿ! ಹಗ್ಗ ಎಳಿ!"

ಎಳೆದೆವು. ಎಚ್ಚರವಿಲ್ಲದ ಮನುಷ್ಯ ಎಷ್ಟು ಭಾರ ಎಂಬುದು ಎಳೆದವರಿಗೇ ಗೊತ್ತು. ಅತ್ತಿಗೆಯ ಚೀರಾಟ ಕೇಳಿ ಎದುರು ಮನೆಯ ಬಡಿಗೇರ ಹುಸೇನ್‌ಸಾಬ್ ಕೈಯಲ್ಲಿದ್ದ ಉಳಿ ಬಿಸಾಕಿ ಓಡಿ ಬಂದ. ಮೂವರೂ ಕೂಡಿ ಎಳೆದರೆ ಅಣ್ಣನ ಭುಜ ಹಗೇವಿನ ಕೊರಳಿಗೆ ಸಿಕ್ಕಿಕೊಂಡಿತು. "ಹೊಳ್ಳಿಸ್ರಿ, ಮಗ್ಗಲಾಗಿ ಹೊಳ್ಳಿಸ್ರಿ ಮಾಸ್ತರ!" ಎಂದು ಹುಸೇನ್‌ಸಾಬ್ ಬೋರಲು ಮಲಗಿ ಒಳಗೆ ಕೈ ಹಾಕಿ ಹೊರಳಿಸಿದ. ಅತ್ತಿಗೆಯ ಎಮ್ಮೆ ಗಂಟು ಜಗ್ಗಲಿಲ್ಲ. ಹೊರಗೆ ಬಂದ ಅಣ್ಣನ ತುಟಿ ನೀಲಿಯಾಗಿತ್ತು, ಗಡ್ಡಕ್ಕೆ ಜೋಳ ಅಂಟಿತ್ತು. ಹುಸೇನ್‌ಸಾಬ್ ಎದೆ ಒತ್ತಿದ, ಅತ್ತಿಗೆ ನೀರು ಹೊಡೆದಳು, ನಾನು "ಅಣ್ಣಾ, ಐದಣ್ಣಾ, ಐದ" ಎಂದು ಅಳುತ್ತಿದ್ದೆನಂತೆ. ಬಹಳ ಹೊತ್ತಿನ ಮೇಲೆ ಒಮ್ಮೆ ಕೊರ್ರೆಂದು ಉಸಿರೆಳೆದು ಕೆಮ್ಮಿದ.

ಅಷ್ಟರಲ್ಲಿ ಅಂಗಳ ತುಂಬ ಜನ. ನೀರು ಬಂದಾಗ ಒಂದು ಬುಟ್ಟಿ ಮಣ್ಣು ತಂದು ಅಡ್ಡ ಹಾಕದವರು ಈಗ ಬಂದು, ಒಳಗೆ ಗಾಳಿ ಆಡಲು ಕಂಬಳಿ ಬೀಸಬೇಕಿತ್ತು, ಬೇವಿನ ಟೊಂಗೆ ಬಿಟ್ಟು ಆಡಿಸಬೇಕಿತ್ತು ಎಂದು ತಲೆಗೊಂದು ಮಾತು ಹೇಳತೊಡಗಿದರು. ಎಲ್ಲರನ್ನೂ ಹಿಡಿದು ಹಗೇವಿಗೆ ತಳ್ಳಬೇಕೆನ್ನಿಸಿತು. ಹತ್ತಿಯ ಲಾರಿಯೊಂದು ಸಿಕ್ಕಿತು, ಅದರಲ್ಲಿ ಅಣ್ಣನನ್ನು ಬಳ್ಳಾರಿಗೆ ಒಯ್ದೆವು. ಅಲ್ಲಿಯ ತೆಲುಗು ಡಾಕ್ಟರು ಎಲ್ಲ ಕೇಳಿ ನನ್ನ ಕಡೆ ತಿರುಗಿದರು. "ಏಮಯ್ಯಾ, ನೀವು ಸೈನ್ಸ್ ಮಾಸ್ಟರ್ ಅಂತೀರಿ, ಕಾರ್ಬನ್ ಡೈಆಕ್ಸೈಡ್ ಗೊತ್ತಿಲ್ಲೇನ್ರಿ?" ನನಗೆ ಅವಮಾನವಾಯಿತು. ದೀಪ ಬಿಟ್ಟಿದ್ದೆ ಸಾರ್, ಆರಲಿಲ್ಲ ಸಾರ್ ಎಂದು ವಾದ ಮಾಡಿದೆ. ಮಂಚದ ಮೇಲಿಂದ ಅಣ್ಣ ಕಣ್ಣು ಬಿಟ್ಟು, "ಖರೇನ. ದೀಪ ಬಿಟ್ಟಿದ್ದ" ಎಂದು ನನ್ನ ಪರವಾಗಿ ಸಾಕ್ಷಿ ಹೇಳಿದ. ಮತ್ತೆ ಕಣ್ಣು ಮುಚ್ಚಿ, "ಬುಟ್ಟಿ ಮಾತ್ರ ಐದ" ಎಂದ.

ಆಮೇಲೆ ಕೆಲವು ದಿನಕ್ಕೆ ಎಂಟನೆಯ ಕ್ಲಾಸಿಗೆ ಅದೇ ಕಾರ್ಬನ್ ಡೈಆಕ್ಸೈಡಿನ ಪಾಠ ಬಂತು. ಪ್ರತಿವರ್ಷ ಮಾಡುವ ಪ್ರಯೋಗ. ಗಾಜಿನ ತೊಟ್ಟಿಯಲ್ಲಿ ಮೂರು ಮೆಟ್ಟಿಲು, ಮೂರು ಮೇಣದಬತ್ತಿ. ಆ ಗಾಳಿಯನ್ನು ಮೆಲ್ಲಗೆ ಬಿಟ್ಟರೆ ಮೊದಲು ಆರುವುದು ಕೆಳಗಿನ ಬತ್ತಿ, ಯಾಕೆಂದರೆ ಅದು ಭಾರದ ಗಾಳಿ, ತಳದಲ್ಲಿ ನಿಲ್ಲುತ್ತದೆ. ಕೆಳಗಿನದು ಆರಿತು. ಮೇಲಿನೆರಡು ಉರಿಯುತ್ತಲೇ ಇದ್ದವು. ನಾನು ಸೀಮೆಸುಣ್ಣ ಹಿಡಿದು ನಿಂತೇ ಬಿಟ್ಟೆ. ನಾನು ಕಂದೀಲು ಬಿಟ್ಟದ್ದು ಮೇಲಿನ ಮೆಟ್ಟಿಲಿಗೆ. ನಿಂತ ಮನುಷ್ಯನ ಮೂಗಿಗೆ. ಬುಟ್ಟಿ ತುಂಬುವವನು ನಿಂತಿರುವುದಿಲ್ಲ, ಬಗ್ಗುತ್ತಾನೆ; ಒಂದೊಂದು ಬೊಗಸೆಗೂ ಬಗ್ಗುತ್ತಾನೆ. ಇದು ನನಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಇಪ್ಪತ್ತು ವರ್ಷದಿಂದ ನಾನು ನಿಂತೇ ಕೆಲಸ ಮಾಡಿದವನು. ಒಂದು ಗಾಜು ಉಳಿಸಲು ಹೋಗಿದ್ದೆ! ಇಡೀ ಕ್ಲಾಸು ನನ್ನ ಮುಖ ನೋಡುತ್ತ ಉಸಿರು ಬಿಗಿಹಿಡಿದು ಸುಮ್ಮನಾಗಿತ್ತು. ಆ ಮೌನ ಕೇಳಲಾರದೆ ಮೇಜು ಗುದ್ದಿ ಕಿರುಚಿದೆ: "ಯಾರರ ಮಾತಾಡ್ರಲೇ!" ಹೆಡ್‌ಮಾಸ್ತರು ಮೊದಲ ಸಲ ಕರೆಸಿದ್ದು ಅವತ್ತು.

ಅಣ್ಣ ಈಗ ಗಟ್ಟಿಯಾಗಿದ್ದಾನೆ. ಹಗೇವಿಗೆ ಮಣ್ಣು ತುಂಬಿಸಿ ತಗಡಿನ ಡಬ್ಬಿ ತರಿಸಿದ್ದಾನೆ. ಡಬ್ಬಿಯ ಮಾತು ಮೊದಲು ತೆಗೆದವನು ತಾನೇ ಎಂದು ಊರಿಗೆಲ್ಲ ಹೇಳುತ್ತಾನೆ. ಕೆಳಗಿನ ಬತ್ತಿಯ ವಿಷಯ ನಾನು ಅವನಿಗೆ ಇನ್ನೂ ಹೇಳಿಲ್ಲ. ಆದರೆ ನನ್ನ ರೋಗದ ಸುಳಿವು ಅವನಿಗೆ ಹತ್ತಿಬಿಟ್ಟಿದೆ. ನಲವತ್ತು ವರ್ಷ ಬಾಯಿ ಮಾಡಿ ಗೆದ್ದವನು ಈಗ ಬಾಯಿ ಮುಚ್ಚಿ ಗೆಲ್ಲುತ್ತಾನೆ. ಮೊನ್ನೆ ಊಟವಾದ ಮೇಲೆ ಮತ್ತೆ ಬುಟ್ಟಿಯ ಮಾತು ಬಂತು. ಆರು ಎಂದೆ, ಐದು ಎಂದ. ಆರು ಎಂದೆ. ಅಣ್ಣ ಆರಾಮಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಸುಮ್ಮನಾದ. ಈ ಸಲ ಸೋಲಬಾರದೆಂದು ನಾನೂ ಹಲ್ಲು ಕಚ್ಚಿ ಕೂತೆ. ಲಾಭ, ಎರಡು, ಮೂರು, ನಾಲ್ಕು ಎಂದು ಮನಸ್ಸಿನಲ್ಲೇ ಎಣಿಸಿದೆ. ಮುಂದಕ್ಕೆ ಎಣಿಸಲು ಆಗಲಿಲ್ಲ. ಎದ್ದು ಹೋಗಿ ಅವನ ಮೂಗಿನ ಕೆಳಗೆ ಕೈ ಹಿಡಿದೆ. ಉಸಿರು ಬೆಚ್ಚಗಿತ್ತು.

"ಆತಣ್ಣಾ, ಐದ" ಎಂದೆ.

ಅಣ್ಣ ಕಣ್ಣು ತೆರೆಯದೆಯೇ ಹೇಳಿದ: "ಜೋರಾಗಿ ಹೇಳಲೇ, ಒಳಗ ನಿಮ್ಮತ್ತಿಗಿಗೆ ಕೇಳ್ಲಿ."

ಓಣಿಯ ತನಕ ಕೇಳುವಂತೆ ಕೂಗಿದೆ. ಎದುರು ಮನೆಯಿಂದ ಹುಸೇನ್‌ಸಾಬ್ ಉಳಿ ಹಿಡಿದೇ ಓಡಿ ಬಂದ.