ಉಪ್ಪಿನಕಾಯಿಯಂತೆ ಹಾಕಿಟ್ಟ ಬ್ಯಾಟರಿ

ಮೊಂಜಿಯವರನ್ನು ನಾನು ಮೊದಲು ಕಂಡದ್ದು ಸ್ಫಾಕ್ಸ್ ಪಟ್ಟಣದ ಬ್ಯಾಟರಿ ಅಂಗಡಿಯಲ್ಲಿ. ಆಗಸ್ಟ್ ತಿಂಗಳು. ಮನೆಮನೆಯಲ್ಲೂ ಹೆಂಗಸರು ವರ್ಷಕ್ಕಾಗುವಷ್ಟು ಗೋಧಿರವೆಯ ಕುಸ್‌ಕುಸ್ ಉಜ್ಜಿ, ಮೆಣಸಿನಕಾಯಿ ಒಣಗಿಸಿ ಉಗ್ರಾಣ ತುಂಬುವ ಕಾಲ. ಮೊಂಜಿಯವರು ಸ್ಕೂಟರಿನ ಬ್ಯಾಟರಿಯನ್ನೇ ವರ್ಷಕ್ಕಾಗುವಷ್ಟು ಒಯ್ಯಲು ಬಂದಿದ್ದರು. ಒಂದಲ್ಲ, ಎರಡಲ್ಲ, ಆರು!

"ಇನ್ನು ನನ್ನ ಗಾಡಿ ಒಂದು ದಿನವೂ ನಿಲ್ಲಬಾರದು!" ಎಂದು ಗರ್ಜಿಸಿದರು.

"ಆಸಿಡ್ ತುಂಬಿದ್ದು ಕೊಡ್ಲಾ, ಒಣದ್ದು ಕೊಡ್ಲಾ?" ಎಂದ ಅಂಗಡಿಯ ಶಾದ್ಲಿ.

"ಒಣದ್ದೇ ಕೊಡಪ್ಪಾ. ವರ್ಷಗಟ್ಟಲೆ ಕೆಡಲ್ವಂತಲ್ಲ!"

"ಕೆಡಲ್ಲ. ಆದ್ರೆ ಜೊತೆಗೆ ಬಾಟಲಿಯಲ್ಲಿ ಕೊಡೋ ಆಸಿಡ್ಡನ್ನ ಬೇಕಾದ ದಿನವೇ ಸುರೀರಿ ಸ್ವಾಮಿ. ಸುರಿದ ಮೇಲೆ ತಿಂಗಳಿಗೊಮ್ಮೆ ಚಾರ್ಜು ಮಾಡ್ಲೇಬೇಕು..."

ಮೊಂಜಿ ಅಷ್ಟರಲ್ಲಿ ಹೊಸ್ತಿಲು ದಾಟಿಯಾಗಿತ್ತು.

ಮನೆಯಲ್ಲಿ ಹೆಂಡತಿ ರಾಧಿಯಾ ಹೌಹಾರಿದರು. "ಏನ್ರೀ ಇದು? ಆಲಿವ್ ಭರಣಿ ಪಕ್ಕ ಆಸಿಡ್ಡಾ?"

"ನೀನು ಆಲಿವ್‌ಗೆ ಉಪ್ಪುನೀರು ಹೊಯ್ದು ಇಡಲ್ವಾ? ಇದೂ ಹಾಗೇ ಕಣೇ! ಕೈ ಚಾಚಿದ್ರೆ ಸಿದ್ಧ ಇರ್ಬೇಕು."

ಒಂದೇ ಮಧ್ಯಾಹ್ನದಲ್ಲಿ ಆರಕ್ಕೂ ಆಸಿಡ್ ಹೊಯ್ದು, ಬಿರಡೆ ಜಡಿದು, ಅಟ್ಟದ ಮೇಲೆ ಸಾಲಾಗಿ ಕೂರಿಸಿ ಮರೆತರು.

ಜೂನ್ ಬಂತು. ಮಗಳು ಇಬ್ತಿಹಾಲಳ ಶಾಲೆಯ ಕೊನೆಯ ಪರೀಕ್ಷೆ. ಎಂಟಕ್ಕೆ ಗೇಟು ಮುಚ್ಚಿದರೆ ಒಂದು ವರ್ಷವೇ ಹೋಯಿತು. ಏಳೂ ಕಾಲಿಗೆ ಮೊಂಜಿ ಸ್ಕೂಟರಿನ ಗುಂಡಿ ಒತ್ತಿದರು. ಕ್ಳಿಕ್! ಅಷ್ಟೇ.

"ಹೆದರಬೇಡ ಮಗಳೇ! ನಿಮ್ಮಪ್ಪನ ಹತ್ರ ಆರಿವೆ!"

ಮೊದಲನೆಯದನ್ನು ಜೋಡಿಸಿದರು. ಕ್ಳಿಕ್. ಎರಡನೆಯದು ಕ್ಳಿಕ್ ಕೂಡ ಅನ್ನಲಿಲ್ಲ. ಅವಸರದಲ್ಲಿ ತಿರುಪು ಜಾರಿ ಚರಂಡಿಯ ಜಾಲರಿಯೊಳಗೆ ಬಿತ್ತು. ಬೀದಿಯಲ್ಲಿ ಒಂದು ಟ್ಯಾಕ್ಸಿಯೂ ಖಾಲಿಯಿಲ್ಲ; ಊರಿನ ಮಕ್ಕಳೆಲ್ಲ ಅಂದೇ ಪರೀಕ್ಷೆಗೆ ಹೊರಟಿದ್ದರು.

"ಅಪ್ಪಾ, ಏಳೂವರೆ ಆಯ್ತು!"

"ಬಂತು, ಬಂತು!"

ಮೂರನೆಯದು ಸತ್ತಿತ್ತು. ನಾಲ್ಕನೆಯದು ಅದಕ್ಕೂ ಮುಂಚೆಯೇ ಸತ್ತಿರಬೇಕು. ಐದನೆಯದನ್ನು ತಟ್ಟಿದರು, ಬೇಡಿಕೊಂಡರು, ಬೈದರು. ಆರನೆಯದಕ್ಕೆ ದೀಪ ಒಮ್ಮೆ ಮಿಣುಕಿ, ಕಣ್ಣು ಮುಚ್ಚಿತು. ಎಂಟಕ್ಕೆ ಐದು ನಿಮಿಷ. ಮೊಂಜಿ ನೆಲದ ಮೇಲೆಯೇ ಕುಸಿದು ಕೂತರು.

"ಇಬ್ತಿಹಾಲ್... ನಿನ್ನ ಒಂದು ವರ್ಷ ನಾನೇ ತಿಂದೆನಲ್ಲಮ್ಮಾ! ಕ್ಷಮಿಸ್ಬಿಡೇ!"

ಉತ್ತರ ಬಂದದ್ದು ಬಾಗಿಲಲ್ಲಿದ್ದ ರಾಧಿಯಾರಿಂದ. "ಯಾರ ಹತ್ರ ಮಾತಾಡ್ತಿದ್ದೀರಿ? ಅವಳು ಮೂರನೇ ಬ್ಯಾಟರಿಗೇ ಹೊರಟ್ಲು. ಪಕ್ಕದ್ಮನೆ ಮಬ್ರೂಕಾ ಮೊಪೆಡ್‌ನಲ್ಲಿ ಕೂರಿಸ್ಕೊಂಡು ಹೋದ್ರು. ಶಾಲೆ ಸೇರಿಯಾಯ್ತು ಅಂತ ಫೋನೂ ಬಂತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ನನಗೂ 'ಬಂತು, ಬಂತು' ಅಂದ್ರಿ!"

ಹುಡುಗಿ ಒಳ್ಳೆಯ ಅಂಕ ಪಡೆದು ಪಾಸಾದಳು.

ಈಗ ಸ್ಕೂಟರು ರಾಧಿಯಾ ಅವರ ಕೈಯಲ್ಲಿದೆ. ಮೀನಿನ ಮಾರುಕಟ್ಟೆಗೆ ಅವರೇ ಓಡಿಸುತ್ತಾರೆ. ಮೊಂಜಿಯವರು ಬುಟ್ಟಿ ಅಪ್ಪಿಕೊಂಡು ಹಿಂದೆ ಕೂರುತ್ತಾರೆ. ದಾರಿಯಲ್ಲಿ ಯಾರಾದರೂ, "ಮೊಂಜಿಯವ್ರೇ, ಬ್ಯಾಟರಿ ಒಣದ್ದು ಒಳ್ಳೇದಾ, ತುಂಬಿದ್ದು ಒಳ್ಳೇದಾ?" ಎಂದು ಕೇಳಿದರೆ, ಪಾಪ, ವಿವರಿಸಲು ಬಾಯಿ ತೆರೆಯುತ್ತಾರೆ.

ರಾಧಿಯಾ ವೇಗ ಹೆಚ್ಚಿಸಿಬಿಡುತ್ತಾರೆ!